ಚಾರ್ಮಾಡಿಯಲ್ಲಿ ಇಳಿದ ಇಂದ್ರರು

ನೇಮಿರಾಜ ಇಂದ್ರರು ಅರ್ಧ ತಿರುಗಿಸಿದ ಸ್ಕ್ರೂವನ್ನು ಹಾಗೆಯೇ ಬಿಟ್ಟು ಎದ್ದು ಹೋಗುತ್ತಿದ್ದರು. ಕೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ಇರಲಿ, ಬಾಯಲ್ಲಿ ಅರ್ಧ ಮಾತಿರಲಿ, ನಾಲ್ಕು ಗಂಟೆಯಾಯಿತೆಂದರೆ ಮುಗಿಯಿತು. "ದೇವರನ್ನು ಕಾಯಿಸ್ಲಿಕ್ಕೆ ಆಗುವುದಿಲ್ಲ ಮಾರಾಯ, ನಿನ್ನನ್ನು ಕಾಯಿಸ್ಬಹುದು" ಎನ್ನುತ್ತ ನನ್ನ ಟಿವಿ ರಿಪೇರಿ ಅಂಗಡಿಯ ಮೆಟ್ಟಿಲಿಳಿಯುತ್ತಿದ್ದರು. ಬಸದಿಯಲ್ಲಿ ಪೂಜೆ ಮಾಡುವವರನ್ನು ನಮ್ಮ ಮೂಡುಬಿದಿರೆಯಲ್ಲಿ ಇಂದ್ರರೆನ್ನುತ್ತಾರೆ. ಬೆಳಿಗ್ಗೆ ಪೂಜೆ, ಸಂಜೆ ಪೂಜೆ, ಸೂರ್ಯ ಮುಳುಗುವುದರೊಳಗೆ ಊಟ. ಅವರ ಲೋಕವೆಲ್ಲ ಈ ಎರಡು ಪೂಜೆಗಳ ನಡುವೆ ಹಿಡಿಸಬೇಕಿತ್ತು.

ಮೊದಲ ಸಲ ಬಂದಾಗ ಕೇಳಿದ್ದು, "ಹಿಂದೆ ಡುಬ್ಬ ಇರುವ ಹಳೆ ಟಿವಿ ಉಂಟಾ?" ಪಾಪ, ಧಾರಾವಾಹಿ ನೋಡಲಿಕ್ಕಿರಬೇಕು ಎಂದುಕೊಂಡೆ. ಅಲ್ಲ, ಹಳೆಯ ಕಂಪ್ಯೂಟರಿಗೆ. ಕೀಲಿಮಣೆಯೊಳಗೇ ಇಡೀ ಯಂತ್ರ. ಅದನ್ನು ಟಿವಿಗೆ ಸಿಕ್ಕಿಸಿ, ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸಬೇಕು. ಇಪ್ಪತ್ತರ ವಯಸ್ಸಿನಲ್ಲಿ ಅವರಿಗೆ ಮಾವ ದುಬಾಯಿಯಿಂದ ಅಂಥದ್ದೊಂದು ತಂದುಕೊಟ್ಟಿದ್ದರಂತೆ. ಅಷ್ಟರಲ್ಲಿ ಅಪ್ಪ ತೀರಿಹೋಗಿ ಪೂಜೆ ಕೊರಳಿಗೆ ಬಿತ್ತು. ಯಂತ್ರವನ್ನು ಘಾಟಿಯ ಮೇಲಿನ ಕೊಟ್ಟಿಗೆಹಾರದ ಗೆಳೆಯನಿಗೆ ಕೊಟ್ಟುಬಿಟ್ಟರು. "ಕಣ್ಣೆದುರು ಇದ್ರೆ ಮನಸ್ಸು ಅಲ್ಲಿಗೇ ಹೋಗ್ತದೆ, ಅದಕ್ಕೆ ಕೊಟ್ಟೆ" ಎಂದಿದ್ದರು.

ಐವತ್ತೈದು ದಾಟಿದ ಮೇಲೆ ಆ ಹುಚ್ಚು ಮರಳಿ ಬಂದಿತ್ತು. ಬಿ.ಸಿ.ರೋಡ್, ಪಾಣೆಮಂಗಳೂರು, ಬೆಳ್ತಂಗಡಿ, ಎಲ್ಲೆಲ್ಲಿ ಗಲ್ಫಿನಿಂದ ಬಂದವರ ಮನೆಯಿದೆಯೋ ಅಲ್ಲೆಲ್ಲ ಹೋಗಿ ಶೋಕೇಸಿನಲ್ಲಿ ಗೊಂಬೆಗಳ ಹಿಂದೆ ಧೂಳು ತಿನ್ನುತ್ತಿದ್ದ ಕಂಪ್ಯೂಟರುಗಳನ್ನು ಕೇಳಿ ತರುತ್ತಿದ್ದರು. ನಾಲ್ಕಕ್ಕೆ ಮೊದಲು ವಾಪಸು ಮುಟ್ಟಿಸುವ ಬಸ್ಸಿರುವ ಊರಾದರೆ ಮಾತ್ರ. ಹಳದಿಗಟ್ಟಿದ ಕೀಲಿಗಳನ್ನು ಒಂದೊಂದಾಗಿ ಕಿತ್ತು, ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಸವರಿ, ಅಂಗಳದಲ್ಲಿ ಗೆರಸೆಯ ಮೇಲೆ ಬಿಸಿಲಿಗಿಡುತ್ತಿದ್ದರು. ಎಷ್ಟೋ ಕೀಲಿಗಳ ಮೇಲೆ ಅರಬಿ ಅಕ್ಷರ. "ಏನು ಇಂದ್ರರೇ, ಅರಬಿ ಸಂಡಿಗೆಯಾ?" ಎಂದರೆ ಹೊಟ್ಟೆ ಕುಣಿಸಿ ನಗುತ್ತಿದ್ದರು.

ಆದರೆ ಮನಸ್ಸಿದ್ದದ್ದು ಕೊಟ್ಟಿಗೆಹಾರದ ಆ ಒಂದು ಯಂತ್ರದ ಮೇಲೆ. ಅದರ ಜೊತೆ ಅವರದೇ ಒಂದು ಕ್ಯಾಸೆಟ್ಟೂ ಹೋಗಿತ್ತು. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ಚಿತ್ರವನ್ನು ಪರದೆಯ ಮೇಲೆ ಓಡಿಸುವ ಪ್ರೋಗ್ರಾಂ ಬರೆಯತೊಡಗಿದ್ದರು. "ಮೂರನೇ ತಿರುವಿನಲ್ಲಿ ಬಸ್ಸು ನಿಂತಿದೆ ಮಾರಾಯ. ಅಪ್ಪ ಹೋದ್ರು, ಮತ್ತೆ ಬರೀಲಿಲ್ಲ." ಗೆಳೆಯ ಪ್ರತಿ ಬೇಸಿಗೆ ಫೋನು ಮಾಡಿ, ಅಟ್ಟದಲ್ಲಿ ಜೋಪಾನವಾಗಿದೆ, ಬಂದು ಕೊಂಡುಹೋಗು ಎನ್ನುತ್ತಿದ್ದ. ಪ್ರತಿ ಬೇಸಿಗೆ ಇವರದು ಒಂದೇ ಉತ್ತರ: "ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತ್ರೆ ನನ್ನ ಪೂಜೆ ಹೋಯ್ತು."

ಕಳೆದ ವರ್ಷ ಇಂದ್ರರ ತಮ್ಮನ ಮಗ, ಅವನೂ ಪೂಜೆ ಕಲಿತವನೇ, ಒಂದು ದಿನ ತಾನೇ ನೋಡಿಕೊಳ್ಳುತ್ತೇನೆಂದ. ಕೊಟ್ಟಿಗೆಹಾರಕ್ಕೆ ನಾನೂ ಜೊತೆಗೆ ಹೊರಟೆ. ಕಿಟಕಿ ಪಕ್ಕ ಕೂತ ಇಂದ್ರರು ಉಜಿರೆಯವರೆಗೂ ಬಾಯಿ ಮುಚ್ಚಲಿಲ್ಲ. ಉಳಿದ ತಿರುವುಗಳನ್ನು ಹೇಗೆ ಬರೆಯಬೇಕೆಂದು ನನ್ನ ಅಂಗೈ ಮೇಲೆ ಬೆರಳಿನಿಂದ ಗೀಚಿ ತೋರಿಸಿದರು. ಘಾಟಿಯ ಬುಡದ ಚಾರ್ಮಾಡಿಯಲ್ಲಿ ಬಸ್ಸು ನಿಂತಿತು. ಗಡಿಯಾರ ನೋಡಿಕೊಂಡರು. ಹನ್ನೊಂದೂ ಆಗಿರಲಿಲ್ಲ.

"ನಾನು ಇಳೀತೇನೆ."

"ಪೂಜೆಗೆ ಹುಡುಗ ಇದ್ದಾನಲ್ಲ ಇಂದ್ರರೇ!"

"ಇದ್ದಾನೆ. ಅದೇ ಹೆದರಿಕೆ. ಇವತ್ತು ಹತ್ತಿದ್ರೆ, ಇಷ್ಟು ವರ್ಷವೂ ಹತ್ಬಹುದಿತ್ತು ಅಂತ ಆಗ್ತದೆ. ಮತ್ತೆ ನಾನು ಏನು ಮಾಡ್ಲಿ, ಹೇಳು?"

ನಾನು ಬಸ್ಸಿನಲ್ಲೇ ಗಲಾಟೆ ಮಾಡಿದೆ, ಬೈದೆ. ಜನ ತಿರುಗಿ ನೋಡಿದರು. ಅವರು ಚೀಲ ಹೆಗಲಿಗೇರಿಸಿ ಇಳಿದು, ರಸ್ತೆ ದಾಟಿ, ಬೆಳ್ತಂಗಡಿಯ ಬಸ್ಸಿಗೆ ನಿಂತರು. ನಾನೊಬ್ಬನೇ ಮೇಲೆ ಹೋಗಿ ಯಂತ್ರವನ್ನೂ ಕ್ಯಾಸೆಟ್ಟನ್ನೂ ತಂದುಕೊಟ್ಟೆ.

ಅದನ್ನು ಅವರು ನನ್ನ ಅಂಗಡಿಗೆ ತರಲೇ ಇಲ್ಲ. ಮನೆಯಲ್ಲೇ ಬಿಚ್ಚಿ, ಸೋರುತ್ತಿದ್ದ ಕೆಪಾಸಿಟರುಗಳನ್ನು ಬದಲಿಸಿದರಂತೆ. "ಬಸ್ಸು ಎಲ್ಲಿಗೆ ಮುಟ್ಟಿತು?" ಎಂದು ಕೇಳಿದಾಗಲೆಲ್ಲ, "ತೋರಿಸ್ತೇನೆ, ಅವಸರ ಎಂತದು?" ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದು ಕೂತವರು ಮತ್ತೆ ಏಳಲಿಲ್ಲ.

ತಮ್ಮನ ಮಗ ಯಂತ್ರವನ್ನೂ ಕ್ಯಾಸೆಟ್ಟನ್ನೂ ನನ್ನಲ್ಲಿಗೆ ತಂದ. "ದೊಡ್ಡಪ್ಪ ನಿಮಗೆ ಕೊಡ್ಲಿಕ್ಕೆ ಮೊದಲೇ ಹೇಳಿಟ್ಟಿದ್ರು" ಎಂದವನು ಸಂಜೆಯ ಪೂಜೆಗೆ ಹೊತ್ತಾಯಿತೆಂದು ಕೂರಲೂ ಇಲ್ಲ.

ಅಂಗಡಿಯಲ್ಲಿದ್ದ ಹಳೆ ಡುಬ್ಬ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿದೆ. ಅದು ಕಿರ್ರೆಂದು ಬಹಳ ಹೊತ್ತು ಕಿರುಚಿದ ಮೇಲೆ ಹಸಿರು ಗೆರೆಯ ಬೆಟ್ಟ ಮೂಡಿತು, ಬುಡದಲ್ಲಿ ಪುಟ್ಟ ಬಿಳಿ ಬಸ್ಸು. ಮೂಲೆಯಲ್ಲೊಂದು ಗಡಿಯಾರ: ಒಂಬತ್ತು ಗಂಟೆ. ಬಸ್ಸು ಹೊರಟಿತು. ಒಂದು ತಿರುವು, ಎರಡು, ಮೂರು. ನಿಲ್ಲಲಿಲ್ಲ! ಹತ್ತಿ ಹತ್ತಿ ಪರದೆಯ ತುದಿಯಾಚೆ ಮಾಯವಾಯಿತು. ನಾನೊಬ್ಬನೇ ಕೂತು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಅದೇ ತುದಿಯಿಂದ ಬಸ್ಸು ಮತ್ತೆ ಕಾಣಿಸಿಕೊಂಡು, ಒಂದೊಂದೇ ತಿರುವು ಇಳಿದು, ಹೊರಟಲ್ಲಿಗೇ ಬಂದು ನಿಂತಿತು. ಪರದೆಯ ಮೂಲೆಯ ಗಡಿಯಾರವೂ ನಿಂತಿತು.

ಮೂರೂಕಾಲು. ಪೂಜೆಗೆ ಇನ್ನೂ ಹೊತ್ತಿತ್ತು.