ಹೆಸರು ಹೇಳದ ಅಕ್ಕಾರು

ಮೊನ್ನೆ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪಕ್ಕದಲ್ಲಿ ಕುಳಿತು ಚುರುಮುರಿ ಕಲಸಿದ ಗಿರ್ಮಿಟ್ ಪೊಟ್ಟಣ ಬಿಚ್ಚಿದರು. ಹಸಿ ಉಳ್ಳಾಗಡ್ಡಿ, ಪುಟಾಣಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಬಿಸಿಲಿಗೆ ಹೋಗಿ ನಿಂತೆ. ಗಿರ್ಮಿಟ್ ಏನು ಪಾಪ ಮಾಡಿದೆ... ಮಾಡಿದ್ದು ವರ್ಷಗಳ ಹಿಂದೆ ನನ್ನೆದುರು ಅದನ್ನು ತಿನ್ನುತ್ತಿದ್ದವರು.

ಆಗ ನಾನು ಹಳ್ಳಿಗಳಲ್ಲಿ ಹೆಂಗಸರ ಕಷ್ಟ ಕೇಳುವ ಆಪ್ತಸಮಾಲೋಚಕಿ. ದಿನವಿಡೀ ಬೇರೆಯವರ ಅಳು ಕೇಳಿದವರ ತಲೆ ಏನಾಗಬೇಕು? ಅದಕ್ಕೇ ನಮ್ಮ ಮೇಲೊಬ್ಬ ಮೇಲ್ವಿಚಾರಕಿ ಇದ್ದರು. ಶನಿವಾರಕ್ಕೊಮ್ಮೆ ಅವರ ಮುಂದೆ ಕುಳಿತು ಆ ವಾರ ಏನು ಕೇಳಿದೆವು, ಎಲ್ಲಿ ಎಡವಿದೆವು, ಯಾವುದು ನಮ್ಮ ನಿದ್ದೆ ಕೆಡಿಸಿತು ಎಂದು ಹೇಳಿಕೊಳ್ಳಬೇಕಿತ್ತು. ನಾವೆಲ್ಲ ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ಸ್ಟೀಲಿನ ಬುಟ್ಟಿ ತುಂಬ ಗಿರ್ಮಿಟ್ ಕಲಸಿಟ್ಟುಕೊಂಡು, "ಹೇಳ ಯವ್ವಾ, ಮನಸ ಹಗೂರ ಮಾಡ್ಕೊ" ಅನ್ನುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಹಗುರ ಆಗುತ್ತಿತ್ತು. ನನ್ನ ಅವ್ವ ತೀರಿಕೊಂಡ ವರ್ಷ ನಾನು ಮನಸಾರೆ ಅತ್ತದ್ದು ಅವರ ಮುಂದೆಯೇ. ಎಂಥ ಮಾತಿಗೂ ಅವರ ಮುಖ ಬದಲಾಗುತ್ತಿರಲಿಲ್ಲ. ಇಲ್ಲಿ ಆಡಿದ್ದು ಇಲ್ಲೇ ಎಂಬುದು ಅವರ ನೇಮ. ಯಾರ ಹೆಸರನ್ನೂ ನಮ್ಮಿಂದ ಹೇಳಿಸುತ್ತಿರಲಿಲ್ಲ. ಅವರ ಬಾಯಲ್ಲಿ ಚುರುಮುರಿ ಕರಕರ ಅನ್ನುತ್ತಿತ್ತು, ಅಷ್ಟೇ.

ಒಂದು ಶನಿವಾರ ಶಲವಡಿ ಕಡೆಯ ಹಳ್ಳಿಯ ಒಬ್ಬಾಕೆಯ ವಿಷಯ ತೆಗೆದೆ. ಮನೆಯಲ್ಲೇ ಹೊಲಿಗೆ ಮಷೀನಿಟ್ಟುಕೊಂಡು ಊರಿನವರ ಜಂಪರ್ ಹೊಲಿಯುತ್ತಿದ್ದಳು. ಗಂಡ ಬೆಲ್ಟು ತೆಗೆದುಕೊಂಡು ಹೊಡೆಯುತ್ತಿದ್ದ. ಮಗಳ ಪರೀಕ್ಷೆ ಮುಗಿದ ಕೂಡಲೇ ಸಂಶಿಯ ತವರಿಗೆ ಹೋಗುವುದು, ಮತ್ತೆ ಬರುವುದೇ ಇಲ್ಲ ಎಂದು ಗಟ್ಟಿ ಮಾಡಿದ್ದಳು. ನನಗೊಬ್ಬಳಿಗೇ ಹೇಳಿದ್ದಳು. ಅವಸರ ಮಾಡಿಸಬೇಕೋ ತಡೆಯಬೇಕೋ ತಿಳಿಯದೆ ಅಕ್ಕಾರನ್ನು ಕೇಳಿದೆ. ಕೇಳುವುದೇ ನಮ್ಮ ಕೆಲಸದ ರೀತಿ. ಅವರು ಒಳ್ಳೆಯ ಸಲಹೆಯನ್ನೇ ಕೊಟ್ಟರು.

ಮುಂದಿನ ವಾರ ಅದೇ ಊರಿನ ಮಹಿಳಾ ಸಂಘದ ಸಭೆ. ಹೆಂಗಸರಿಗೆ ಧೈರ್ಯ ತುಂಬುವ ಹುರುಪಿನಲ್ಲಿ ಅಕ್ಕಾರು ಒಂದು ಉದಾಹರಣೆ ಕೊಟ್ಟರಂತೆ. ಒಂದೂರಿನಲ್ಲಿ ಒಬ್ಬಾಕೆ ಇದ್ದಾಳೆ, ಹೊಲಿಗೆ ಮಷೀನು ಇಟ್ಟಾಕೆ, ಒಬ್ಬಳೇ ಮಗಳು, ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿದ್ದಾಳೆ... ಆ ಊರಿನಲ್ಲಿದ್ದದ್ದೇ ಒಂದು ಮಷೀನು. ಸಭೆಯಲ್ಲಿ ಅವಳ ನಾದಿನಿಯೂ ಕುಳಿತಿದ್ದಳು.

ನಾನು ಮತ್ತೆ ಹೋದಾಗ ಅತ್ತೆ ಹೊಸ್ತಿಲಲ್ಲೇ ತಡೆದಳು. "ಆಕಿ ಇನ್ನ ಯಾರ ಜೋಡೀನೂ ಮಾತಾಡಂಗಿಲ್ಲ. ನೀವು ಹೋಗ್ರಿ," ಅಂದಳು. ಒಳಗೆ ಮಷೀನು ಇರುತ್ತಿದ್ದ ಜಾಗ ಖಾಲಿಯಾಗಿತ್ತು. ಮಗಳನ್ನೂ ಶಾಲೆ ಬಿಡಿಸಿದ್ದರು.

ಶನಿವಾರ ಅಕ್ಕಾರ ಮುಂದೆ ಕೂರದೆ, ನಿಂತೇ ಕೇಳಿದೆ. ಅವರು ಕೈಯಲ್ಲಿದ್ದ ಗಿರ್ಮಿಟ್ ಬಾಯಿಗೆ ಹಾಕಿಕೊಂಡು, ನಿಧಾನ ಅಗಿದು ನುಂಗಿ, ಅಂದರು: "ನಾ ಏನ ಆಕಿ ಹೆಸರ ಹೇಳೇನೇನ ಯವ್ವಾ?"

ಥೂ! ಬೇಕೆಂದೇ ಮಾಡಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಅವರಿಗೆ ನಿಜಕ್ಕೂ ತಮ್ಮ ತಪ್ಪು ಕಾಣಿಸಲಿಲ್ಲ. ವಾರವಾರ ನಿಮ್ಮೊಳಗೆ ನೀವು ನೋಡಿಕೊಳ್ಳಿ ಎಂದು ನಮಗೆ ಕಲಿಸಿದಾಕೆ, ಒಂದು ಸಲವೂ ತನ್ನೊಳಗೆ ಇಣುಕಲಿಲ್ಲ. ಆಮೇಲೆ ಆ ಕೋಣೆಗೆ ನಾನು ಕಾಲಿಡಲಿಲ್ಲ. ಮನಸ್ಸು ಬಿಚ್ಚಿ ಅಳುವುದಕ್ಕೆ ನನಗೂ ಮತ್ತೆ ಜಾಗ ಸಿಗಲಿಲ್ಲ...

ಅಕ್ಕಾರು ಈಗ ಇಲ್ಲ. ಅವರ ಹಾಗೆ ಕೇಳಿಸಿಕೊಳ್ಳುವವರು ಸಿಗುವುದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಅದೂ ಖರೆಯೇ. ಆ ಹೆಂಗಸು ಎಲ್ಲಿದ್ದಾಳೋ, ಹೇಗಿದ್ದಾಳೋ ನನಗೆ ಗೊತ್ತಿಲ್ಲ.

ಅವಳ ಮನೆಯಲ್ಲಿದ್ದದ್ದು ಹೊಲಿಗೆ ಮಷೀನಲ್ಲ. ತವರು ಸಂಶಿಯಲ್ಲ, ಊರು ಶಲವಡಿ ಕಡೆಯದೂ ಅಲ್ಲ. ಅವಳ ಗುರುತು ಹತ್ತುವಂಥದ್ದನ್ನೆಲ್ಲ ಇಲ್ಲಿ ಬದಲಿಸಿ ಬರೆದಿದ್ದೇನೆ. ಅಕ್ಕಾರ ವಿಷಯದಲ್ಲಿ ಮಾತ್ರ ಒಂದಕ್ಷರ ಬದಲಿಸಿಲ್ಲ, ಗಿರ್ಮಿಟ್ ಕೂಡ. ಓದಿದವರಲ್ಲಿ ಅವರನ್ನು ಬಲ್ಲವರಿಗೆ ಯಾರೆಂದು ಥಟ್ಟನೆ ತಿಳಿಯುತ್ತದೆ. ತಿಳಿಯಲಿ. ನಾನೇನು ಹೆಸರು ಹೇಳಿಲ್ಲ.