ಅವನ ಮಾತು ಮುಗಿಯುವವರೆಗೆ

ಹಲ್ಲಿನ ಡಾಕ್ಟರು ಕೇಳಿದ್ದು ಗಂಡನನ್ನು, ಉತ್ತರ ಕೊಟ್ಟಿದ್ದು ಹೆಂಡತಿ. ಯಡವಟ್ಟಾಗಿದ್ದು ಅಲ್ಲೇ.

ಯಾವ ಹಲ್ಲು ನೋಯುತ್ತಿದೆ ಎಂದು ಕೇಳಿದಾಗ, ಕುರ್ಚಿಯಲ್ಲಿ ಮಲಗಿದ್ದ ಆ ಮನುಷ್ಯ ಉಗುಳು ನುಂಗಿಕೊಂಡು 'ಮೇಲೆ' ಎಂದ. ಮುಂದಿನ ಪದ ಸಿಕ್ಕಿಹಾಕಿಕೊಂಡಿತು. ಅವನಿಗೆ ಚಿಕ್ಕಂದಿನಿಂದ ಉಗ್ಗು. ಪಕ್ಕದಲ್ಲೇ ನಿಂತಿದ್ದ ಹೆಂಡತಿ, ಗಂಡನ ಒದ್ದಾಟ ನೋಡಲಾರದೆ, 'ಮೇಲೆ ಎಡಗಡೆ ಡಾಕ್ಟ್ರೇ' ಎಂದು ಮುಗಿಸಿಕೊಟ್ಟಳು. ಎಡಗಡೆಯಲ್ಲೂ ಒಂದು ಹುಳುಕು ಹಲ್ಲು ಇದ್ದದ್ದು ಅವನ ದುರದೃಷ್ಟ. ಡಾಕ್ಟರು ಇಕ್ಕಳ ತೆಗೆದುಕೊಂಡಾಗ ಅವನು ಕೈ ಎತ್ತಿದ. ಪಾಪ, ಹೆದರಿಕೊಂಡಿದ್ದಾರೆ ಎಂದುಕೊಂಡು ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದು ಧೈರ್ಯ ತುಂಬಿದಳು. ಎಡಗಡೆಯ ಹಲ್ಲು ಕಿತ್ತಾಯಿತು. ಮಾರನೆಯ ದಿನ, ನಿಜವಾಗಿ ನೋಯುತ್ತಿದ್ದ ಬಲಗಡೆಯ ಕೆನ್ನೆ ಊದಿಕೊಂಡಿತು.

ಅಯ್ಯೋ, ಹೇಳಬಾರದಿತ್ತೇ ಎಂದು ಅವಳು ತಲೆ ಚಚ್ಚಿಕೊಂಡಳು. ಯಾಕೆ ಹೇಳಲಿಲ್ಲ ಅಂತ ಅವನನ್ನೇ ಕೇಳಿದಳು. ಅವನು ಊದಿದ ಕೆನ್ನೆ ಹಿಡಿದುಕೊಂಡು 'ನೀನು' ಎಂದು ಬಾಯಿ ತೆರೆದ. ಅಷ್ಟಕ್ಕೇ ಅವಳು, 'ಬೇಜಾರು ಮಾಡ್ಕೋತೀನಿ ಅಂತಾನಾ?' ಎಂದುಬಿಟ್ಟಳು. ಅವನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ. ಅವತ್ತಿನಿಂದ ಮನೆಯಲ್ಲಿ ಅವನು ಮಾತು ಶುರು ಮಾಡುವುದನ್ನೇ ಬಿಟ್ಟ. ಹೂಂ, ಊಹೂಂ, ತಲೆ ಆಡಿಸುವುದು, ಮುಗಿಯಿತು.

ಅವಳು ಕೆಟ್ಟ ಹೆಂಗಸಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೆಂಗಸರ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸ. ಅಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚಿಟಪಟ ಅಂತ. ಕೈಯೂ ಚುರುಕು, ಬಾಯಿಯೂ ಚುರುಕು. ಕೂತವಳ ಜಡೆ ಬಿಚ್ಚುತ್ತಲೇ ಪಕ್ಕದ ಕುರ್ಚಿಯವಳ ಮಗಳ ಪರೀಕ್ಷೆ ವಿಚಾರಿಸುವಳು, ಬೀದಿಯಲ್ಲಿ ಹಾರ್ನ್ ಕೇಳಿದರೆ ಕಿಟಕಿಗೆ ಬಗ್ಗುವಳು, ವಾಪಸು ಬಂದು ಬಾಚಣಿಗೆ ಎಲ್ಲಿ ಅಂತ ಹುಡುಕುವಳು. ಬಾಚಣಿಗೆ ಅವಳ ತಲೆಯಲ್ಲೇ ಸಿಕ್ಕಿಸಿಕೊಂಡಿರುತ್ತಿತ್ತು. ಮನೆಯ ಬೀಗದಕೈ ಒಮ್ಮೆ ಫ್ರಿಜ್ಜಿನಲ್ಲಿ, ಒಮ್ಮೆ ಅಕ್ಕಿ ಡಬ್ಬದಲ್ಲಿ. ಹಾಲು ಉಕ್ಕದ ದಿನ ಅತ್ತೆ ಆಶ್ಚರ್ಯಪಡುತ್ತಿದ್ದರು. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅದರ ಬಾಲ ಇವಳ ನಾಲಿಗೆಯ ಮೇಲೆ ಕುಣಿಯುತ್ತಿರುತ್ತಿತ್ತು. ಹೊರಗೆ ಬಿಡದಿದ್ದರೆ ಬಾಯಿ ಸುಡುತ್ತದೆ ಅನ್ನುವಷ್ಟು ಅವಸರ.

ಗಂಡನ ಮಾತುಗಳನ್ನಂತೂ ಮದುವೆಯಾದಾಗಿನಿಂದ ಅವಳೇ ಮುಗಿಸುತ್ತ ಬಂದಿದ್ದಳು. ಅದು ಸೇವೆ ಅಂತಲೇ ಅವಳ ಭಾವನೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಅವನು ಮೊದಲ ಪದ ಹೇಳಿದರೆ ಸಾಕು, ಉಳಿದದ್ದು ಇವಳದು. ಎಂಥ ಹೊಂದಾಣಿಕೆ ಎಂದು ಜನ ಹೊಗಳುತ್ತಿದ್ದರು. ಈಗ ಆ ಊದಿದ ಕೆನ್ನೆ ನೋಡಿದ ಮೇಲೆ ಅವಳ ಎದೆಯೊಳಗೆ ಭಯ ಹೊಕ್ಕಿತು. ಹಲ್ಲು ಹೋದರೆ ಹೋಯಿತು. ಇನ್ನೆಷ್ಟು ಮಾತನ್ನು ಹೀಗೆ ತಪ್ಪಾಗಿ ಮುಗಿಸಿದ್ದೇನೋ? ಅವಳಿಗೆ ಬೇಕಾಗಿದ್ದು ಇಷ್ಟೇ: ಗಂಡನ ಮಾತು ಗಂಡನ ಬಾಯಲ್ಲೇ ಮುಗಿಯುವವರೆಗೆ ಸುಮ್ಮನಿರುವುದು. ಅಷ್ಟು ಮಾಡದಿದ್ದರೆ ಈ ಮನುಷ್ಯ ಜನ್ಮದಲ್ಲಿ ಇನ್ನು ನನ್ನ ಹತ್ತಿರ ಬಾಯಿ ತೆರೆಯುವುದಿಲ್ಲ ಎನ್ನುವುದು ಅವಳಿಗೆ ಖಾತ್ರಿಯಾಯಿತು.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಸಂಜೆ ಅವನು ಬರುವ ಹೊತ್ತಿಗೆ ತುಟಿಗಳ ಮಧ್ಯೆ ಹೇರ್‌ಪಿನ್ನು ಕಚ್ಚಿಕೊಂಡು ಕೂತಳು. ಅವನಿಗೆ ಅದನ್ನು ನೋಡಿ ನಗು ಬಂತು. ಮೌನ ಮರೆತು ಏನೋ ಕೇಳಲು ಹೊರಟ. ಅವಳು ಪಿನ್ನುಗಳನ್ನೆಲ್ಲ ನೆಲಕ್ಕೆ ಉಗಿದು ಪ್ರಶ್ನೆಯನ್ನೂ ಅವಳೇ ಪೂರ್ತಿ ಮಾಡಿ ಉತ್ತರವನ್ನೂ ಕೊಟ್ಟಳು. ಅವನು ಬಗ್ಗಿ ಪಿನ್ನು ಆರಿಸಿ ಕೈಗೆ ಕೊಟ್ಟ, ಒಳಗೆ ಹೋದ. ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪಾರ್ಲರಿಗೆ ಬರುತ್ತಿದ್ದ ಒಬ್ಬ ನರ್ಸಮ್ಮ ಇವಳ ಕಥೆ ಕೇಳಿ, ಇದು ಬರೀ ಬಾಯಿಯ ದೋಷ ಅಲ್ಲ, ನನ್ನ ತಮ್ಮನಿಗೂ ಹೀಗೇ ಇತ್ತು, ಮನೋವೈದ್ಯರ ಹತ್ತಿರ ಹೋಗು ಎಂದು ವಿಳಾಸ ಕೊಟ್ಟರು. ಸಾಕ್ಷಿಗೆ ಅತ್ತೆಯನ್ನು ಕರೆದುಕೊಂಡು ಹೋದಳು. ಡಾಕ್ಟರಮ್ಮ ನಿಧಾನದ ಹೆಂಗಸು. ಅವರ ಪ್ರಶ್ನೆ ಮುಗಿಯುವ ಮೊದಲೇ ಇವಳ ಉತ್ತರ ಮೇಜಿನ ಮೇಲಿರುತ್ತಿತ್ತು. ಶಾಲೆಯಲ್ಲಿ ಹೇಗಿದ್ದೆ, ಕಾಯುವ ಸಾಲಿನಲ್ಲಿ ಏನಾಗುತ್ತದೆ, ವಸ್ತುಗಳು ಕಳೆಯುತ್ತವೆಯೇ, ಎಲ್ಲ ಕೇಳಿದರು. ಮತ್ತೆ ಮತ್ತೆ ಕರೆಸಿ, ಪರೀಕ್ಷೆ ಮಾಡಿ, ಕೊನೆಗೆ ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದೆಡೆ ನಿಲ್ಲದ, ಅವಸರ ತಡೆದುಕೊಳ್ಳಲಾಗದ ತೊಂದರೆ, ದೊಡ್ಡವರಲ್ಲೂ ಇರುತ್ತದೆ, ಇದು ನಿನ್ನ ಅಹಂಕಾರವೂ ಅಲ್ಲ, ಸಂಸ್ಕಾರ ಇಲ್ಲದ್ದೂ ಅಲ್ಲ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಜೀವಮಾನವೆಲ್ಲ ಬಾಯಿಬಡುಕಿ ಅನ್ನಿಸಿಕೊಂಡವಳಿಗೆ ಆ ಮಾತು ಕೇಳಿ ಕಣ್ಣು ತುಂಬಿತು. ಅತ್ತೆ ಮಾತ್ರ, ಮಾತ್ರೆ ನುಂಗಿದರೆ ಬಾಯಿ ಮುಚ್ಚುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಮಾವನಿಗೂ ಒಂದು ಡಬ್ಬ ಕೊಡಿಸುತ್ತಿದ್ದೆ ಎಂದರು.

ಮೊದಲ ಮಾತ್ರೆ ಬೆಳಗ್ಗೆ ತೆಗೆದುಕೊಳ್ಳುವಂಥದ್ದು. ನುಂಗಿ ಕೆಲಸಕ್ಕೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಡ್ರೈಯರಿನ ಸದ್ದು ಡ್ರೈಯರಿನ ಹತ್ತಿರವೇ ಇತ್ತು, ಟೀವಿ ಸದ್ದು ಟೀವಿಯ ಹತ್ತಿರ. ಎಲ್ಲ ಒಟ್ಟಿಗೆ ನುಗ್ಗಿ ಅವಳ ತಲೆಗೆ ಬರಲಿಲ್ಲ. ಉಳಿದವರೆಲ್ಲ ದಿನಾ ಹೀಗೇ ಬದುಕುತ್ತಾರೇನು ಎಂದು ಬೆರಗಾಯಿತು. ಅವತ್ತು ಮುಟ್ಟಿದ ಕೆಲಸವನ್ನೆಲ್ಲ ಮುಗಿಸಿಯೇ ಬಿಟ್ಟಳು. ಆದರೆ ಈ ಮಾತ್ರೆಗೆ ಒಂದು ಚಾಳಿಯಿತ್ತು. ಹಿಡಿದದ್ದನ್ನು ಬಿಡಗೊಡುತ್ತಿರಲಿಲ್ಲ. ಒಬ್ಬ ಕಾಲೇಜು ಹುಡುಗಿ ಮುಂಗೂದಲು ಹುಬ್ಬಿನವರೆಗೆ ಸಾಕು ಎಂದು ಕೂತಳು. ಎಡಕ್ಕಿಂತ ಬಲ ಕೂದಲೆಳೆಯಷ್ಟು ಉದ್ದ ಕಂಡಿತು, ಕತ್ತರಿಸಿದಳು. ಈಗ ಎಡ ಉದ್ದ ಕಂಡಿತು. ಸಮ ಮಾಡುತ್ತ ಮಾಡುತ್ತ ಹೋಗಿ, ಪಾರ್ಲರಿನ ಯಜಮಾನಿ ಓಡಿಬಂದು ಕೈ ಹಿಡಿಯುವಷ್ಟರಲ್ಲಿ ಆ ಮುಂಗೂದಲು ನೆತ್ತಿಯ ಅಂಚಿನಲ್ಲಿ ಹಲ್ಲುಜ್ಜುವ ಬ್ರಷ್ಷಿನ ಹಾಗೆ ನಿಂತಿತ್ತು. ಹುಡುಗಿ ಗೊಳೋ ಎಂದಳು.

ಅದನ್ನಾದರೂ ನಕ್ಕು ಮರೆಯಬಹುದಿತ್ತು. ಸಂಜೆಯದು ಹಾಗಲ್ಲ. ಮಾತ್ರೆಯ ಜೋರು ಇಳಿಯುವ ಹೊತ್ತಿಗೆ ಸರಿಯಾಗಿ ಗಂಡ ಮನೆಗೆ ಬರುತ್ತಿದ್ದ. ಅವನು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸಗಾರ. ದಿನವಿಡೀ ಯಂತ್ರದ ಮುಂದೆ ಮೂಕನಾಗಿ ನಿಂತು ಬಂದವನಿಗೆ ಮನೆಯಲ್ಲಿ ಎದುರಾಗುತ್ತಿದ್ದವಳು ತಲೆ ಸಿಡಿದು, ಹೊಟ್ಟೆಗೆ ಸರಿಯಾಗಿ ತಿನ್ನದೆ, ಮುಟ್ಟಿದರೆ ಸಿಡುಕುವ ಹೆಂಡತಿ. ಮೊದಲು ಮಾತು ಮುಗಿಸುತ್ತಿದ್ದಳು, ಈಗ ಹುಟ್ಟುವ ಮೊದಲೇ ಕತ್ತು ಹಿಸುಕುತ್ತಿದ್ದಳು. ಗಿರಾಕಿಗಳಿಗೆ ಕೆನೆ, ಕಟ್ಟಿಕೊಂಡವನಿಗೆ ಗಸಿ. ಯಾವನಿಗಾಗಿ ಈ ಮಾತ್ರೆ ಶುರು ಮಾಡಿದಳೋ ಅವನಿಗೇ ಅದರ ಒಂದು ತೊಟ್ಟು ಉಪಯೋಗ ಸಿಗಲಿಲ್ಲ. ಇದರ ಸಹವಾಸವೇ ಬೇಡ, ಹಣೆಯಲ್ಲಿ ಬರೆದದ್ದು ಇಷ್ಟೇ ಎಂದು ಡಬ್ಬ ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದಳು.

ಡಾಕ್ಟರಮ್ಮ ರಕ್ತದೊತ್ತಡ ನೋಡಿದರು, ತೂಕ ನೋಡಿದರು, ಇಡೀ ದಿನದ ಕಥೆ ಕೇಳಿದರು. ಎಲ್ಲರಿಗೂ ಒಂದೇ ಮದ್ದು ಒಗ್ಗುವುದಿಲ್ಲ, ಬೇರೆಯದು ಕೊಡುತ್ತೇನೆ, ಇದು ಬೆಳಗಿನಿಂದ ರಾತ್ರಿಯವರೆಗೂ ಒಂದೇ ಸಮ ಇರುತ್ತದೆ, ಆದರೆ ನಿಧಾನ, ಹಿಡಿಯಲು ವಾರಗಟ್ಟಲೆ ಬೇಕು, ಕಾಯಬೇಕು ಎಂದರು. ಕಾಯುವುದು! ಇವಳಿಗೆ! ಅವಳು ಎದ್ದುಹೋಗಲು ನೋಡಿದಳು. ಡಾಕ್ಟರಮ್ಮ ತಡೆದು ಹೇಳಿದರು:

"ನೋಡಮ್ಮ, ಔಷಧಿ ನಿನಗೆ ಒಂದು ಚೂರು ಸಂದು ಕೊಡುತ್ತೆ ಅಷ್ಟೇ. ಆ ಸಂದಲ್ಲಿ ಏನು ಮಾಡ್ತೀಯ ಅನ್ನೋದು ನಿನ್ನ ಕೈಲಿದೆ."

ಹೊಸ ಕ್ಯಾಪ್ಸೂಲು ಶುರುವಾಯಿತು. ಮೊದಮೊದಲು ವಾಕರಿಕೆ, ಬಾಯಿ ಒಣಗುವುದು, ಇಷ್ಟೇ ಲಾಭ. ಊಟದ ಜೊತೆ ತೆಗೆದುಕೊಂಡ ಮೇಲೆ ವಾಕರಿಕೆ ಹೋಯಿತು, ಬೇರೇನೂ ಬರಲಿಲ್ಲ. ಮೊದಲನೆಯದರ ಹಾಗೆ ಬಾಗಿಲಲ್ಲಿ ನಿಲ್ಲಿಸುವ ಚಮತ್ಕಾರ ಇದರಲ್ಲಿರಲಿಲ್ಲ. ಬೀಗದಕೈ ಈಗಲೂ ಕಳೆಯುತ್ತಿತ್ತು. ನೀರು ನುಂಗಿದ ಹಾಗಿದೆ ಎಂದು ಅವಳು ದಿನಾ ಗೊಣಗಿದಳು, ದಿನಾ ನುಂಗಿದಳು.

ಹಾಗಿರುವಾಗ ಒಂದು ಸಂಜೆ. ಅವನು ಬಂದು ಕೈಕಾಲು ತೊಳೆದು ಕೂತ. ಅವಳು ಟೀ ಲೋಟ ಮುಂದಿಟ್ಟು ಎದುರಿಗೆ ಕೂತಳು. ಅವನು ಲೋಟ ಎತ್ತಿ, ಮೂಗಿನ ಹತ್ತಿರ ತಂದು, ಕೆಳಗಿಟ್ಟ. ಅವತ್ತು ಅವನಿಗೆ ಏನನ್ನಿಸಿತೋ, ಎಷ್ಟೋ ದಿನದ ಮೇಲೆ ಒಂದು ಮಾತು ಶುರು ಮಾಡಿದ. 'ಈ ಟೀ' ಎಂದ. ನಿಂತ.

ಅವಳ ನಾಲಿಗೆಯ ಮೇಲೆ ಬಾಲಗಳು ಬಂದವು. ಆರಿಹೋಗಿದೆಯಾ, ಸಾಕಾ, ಚೆನ್ನಾಗಿದೆಯಾ. ಬಂದವು, ಆದರೆ ಹಾರಲಿಲ್ಲ. ಅಲ್ಲೇ ಕೂತವು. ಅವಳು ಅವುಗಳನ್ನು ಒಂದೊಂದಾಗಿ ನೋಡಿದಳು. ಡಾಕ್ಟರಮ್ಮ ಹೇಳಿದ ಸಂದು ಇದೇ ಎಂದು ಅವಳಿಗೆ ಗೊತ್ತಾಯಿತು. ಆಗ ತಲೆ ಎತ್ತಿ ಗಂಡನ ಮುಖ ನೋಡಿದಳು. ಮಾತಿನ ಮಧ್ಯದಲ್ಲಿರುವ ಅವನ ಮುಖವನ್ನು ಅವಳು ಅದುವರೆಗೆ ಕಂಡೇ ಇರಲಿಲ್ಲ. ಯಾವಾಗಲೂ ತಾನು ಆ ಹೊತ್ತಿಗೆ ಮಾತಾಡುತ್ತಿದ್ದಳಲ್ಲ! ದವಡೆ ಬಿಗಿಯುತ್ತಿತ್ತು, ಎಡಗಣ್ಣು ಮುಚ್ಚಿ ತೆರೆಯುತ್ತಿತ್ತು, ಕತ್ತಿನ ನರ ಏಳುತ್ತಿತ್ತು. ಸೋಲುವ ಮುಖವಲ್ಲ ಅದು. ಭಾರದ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವವನ ಮುಖ. ಇಷ್ಟು ವರ್ಷ ಆ ಪೆಟ್ಟಿಗೆಯನ್ನು ಕೊನೆಯ ಮೆಟ್ಟಿಲಲ್ಲಿ ಕಿತ್ತುಕೊಳ್ಳುತ್ತಿದ್ದೆನಲ್ಲ ಎಂದುಕೊಂಡಳು. ಕಾದಳು.

"ಈ ಟೀಗೆ ಸಕ್ಕರೆ ಬೇಡ," ಎಂದ ಅವನು. "ನನಗೆ ಮೊದಲಿಂದಲೂ ಸಕ್ಕರೆ ಸೇರಲ್ಲ."

ಅಷ್ಟೇ ಮಾತು. ಅವಳಿಗೆ ಕೈಮುಗಿಯುವಂತಾಯಿತು. ಮದುವೆಯ ಮಾರನೆಯ ಬೆಳಗ್ಗೆ ಅವನು 'ಸಕ್ಕರೆ' ಎಂದಾಗ 'ಜಾಸ್ತಿ ಬೇಕಾ' ಎಂದು ಮುಗಿಸಿದವಳು ತಾನೇ. ಅವತ್ತಿನಿಂದ ದಿನಾ ಎರಡು ಚಮಚ ಸುರಿದು, ಎದುರು ನಿಂತು ಕುಡಿಸಿದ್ದಾಳೆ. ಅಡುಗೆಮನೆಯಿಂದ ಅತ್ತೆ, ಹೌದು ಕಣೇ, ಚಿಕ್ಕವನಿದ್ದಾಗಲೂ ಮುಟ್ಟುತ್ತಿರಲಿಲ್ಲ ಎಂದರು. ಮತ್ತೆ ನೀವಾದರೂ ಹೇಳಬಾರದಿತ್ತೇ ಅಂದರೆ, ಗಂಡಹೆಂಡಿರ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ ಎಂದುಬಿಟ್ಟರು.

ಆಮೇಲೆ ಆ ಮನೆಯಲ್ಲಿ ಹೊಸ ಮನುಷ್ಯನೊಬ್ಬ ಬಂದು ಸೇರಿಕೊಂಡ ಹಾಗಾಯಿತು. ಅವನು ಮಾತಾಡತೊಡಗಿದ. ದಿನಕ್ಕೆ ಒಂದು, ಎರಡು. ಅವಳು ಎಲ್ಲ ಸಲ ಗೆಲ್ಲುತ್ತಿರಲಿಲ್ಲ, ಮಧ್ಯೆ ಬಾಯಿ ಹಾಕಿ ನಾಲಿಗೆ ಕಚ್ಚಿಕೊಂಡದ್ದೂ ಉಂಟು. ಆದರೆ ಕಾದಾಗಲೆಲ್ಲ ಏನೋ ಒಂದು ಸಿಗುತ್ತಿತ್ತು. ಅವನಿಗೆ ಮಲಗುವ ಕೋಣೆಯ ನೀಲಿ ಬಣ್ಣ ಆಸ್ಪತ್ರೆಯ ಹಾಗೆ ಕಾಣುತ್ತದಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ತಲೆ ಸುತ್ತುತ್ತದಂತೆ, ಇವಳೋ ಪ್ರತಿ ಸಲ ಜಗಳವಾಡಿ ಅವನಿಗೆ ಆ ಸೀಟೇ ಹಿಡಿದುಕೊಡುತ್ತಿದ್ದಳು. ಎಲ್ಲಕ್ಕಿಂತ ಬೆರಗಿನ ವಿಷಯ, ಈ ಮನುಷ್ಯ ತಮಾಷೆಗಾರ. ಕಾರ್ಖಾನೆಯ ಮೇಲ್ವಿಚಾರಕ ತಲೆಯ ಮೇಲೇ ಇದ್ದ ಕನ್ನಡಕವನ್ನು ಹುಡುಕಾಡಿದ ಕಥೆಯನ್ನು ಅವನು ಹೇಳಿ ಮುಗಿಸುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪದ ಸಿಕ್ಕಿಕೊಂಡ ಆ ಹೊತ್ತಿನಲ್ಲಿ, ಮುಂದೇನು ಎಂಬ ಕಾತರಕ್ಕೆ ನಗು ಇನ್ನೂ ಹೆಚ್ಚಾಗುತ್ತಿತ್ತು. ಇವನು ಎಲ್ಲಿದ್ದ ಇಷ್ಟು ದಿನ ಎಂದುಕೊಂಡಳು. ಇಲ್ಲೇ ಇದ್ದ, ಮತ್ತೆಲ್ಲಿ?

ಆದರೆ ಬೆರಗಿನ ಹಿಂದೆಯೇ ಹಳೆಯ ಭಯವೂ ದೊಡ್ಡದಾಗುತ್ತ ಬಂತು. ಸಕ್ಕರೆ ತಪ್ಪು, ನೀಲಿ ತಪ್ಪು, ಕಿಟಕಿ ತಪ್ಪು. ಹಾಗಾದರೆ ಎಲ್ಲಕ್ಕಿಂತ ದೊಡ್ಡ ಮಾತು?

ಒಂದು ರಜೆಯ ಬೆಳಗ್ಗೆ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತಿಗೆ ಟವೆಲ್ಲು ಸುತ್ತಿ, ಕೂದಲು ಕತ್ತರಿಸುತ್ತಿದ್ದಳು. ಕನ್ನಡಿ ಎದುರಿನ ಗೋಡೆಗೆ ಒರಗಿಸಿತ್ತು. ಕತ್ತರಿ ನಿಲ್ಲಿಸಿ, ಕನ್ನಡಿಯಲ್ಲಿ ಅವನ ಮುಖ ನೋಡಿಕೊಂಡೇ ಕೇಳಿದಳು. ಮದುವೆಗೆ ಮುಂಚೆ, ಎರಡೂ ಮನೆಯವರು ಮಾತಾಡಿ ಆದ ಮೇಲೆ, ಅವನು ಒಬ್ಬನೇ ಪಾರ್ಲರಿನ ಬಾಗಿಲಿಗೆ ಬಂದಿದ್ದ. ಅಂಗಿಯ ತೋಳಿನ ಗುಂಡಿ ತಿರುವುತ್ತ, 'ಈ ಮದುವೆ ನನಗೆ' ಎಂದು ನಿಂತಿದ್ದ. ಇವಳು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ, 'ಒಪ್ಪಿಗೆ ಅಂತ ತಾನೇ? ನನಗೂ ಒಪ್ಪಿಗೆ' ಎಂದಿದ್ದಳು. ಅವನು ತಲೆ ಆಡಿಸಿ ಹೋಗಿದ್ದ. ಮದುವೆಯಾಗಿತ್ತು.

"ಅವತ್ತು ನೀವು ಏನು ಹೇಳೋಕೆ ಬಂದಿದ್ರಿ?"

ಅವನ ದವಡೆ ಬಿಗಿಯಿತು. ಅವಳ ನಾಲಿಗೆಯ ಮೇಲೆ ಒಂದೇ ಒಂದು ಬಾಲ ಬಂದು ಕೂತಿತು. 'ಒಪ್ಪಿಗೆ ಅಂತಲೇ ತಾನೇ' ಎಂದುಬಿಟ್ಟರೆ ಅವನು ಇವತ್ತೂ ತಲೆ ಆಡಿಸುತ್ತಾನೆ, ಇಬ್ಬರಿಗೂ ಸುಖ. ಅವಳು ಹಲ್ಲು ಕಚ್ಚಿಕೊಂಡಳು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಅದು ಹತ್ತಿಕೊಂಡು, ತಿರುವು ದಾಟಿ, ಸದ್ದು ಪೂರ್ತಿ ಹೋಯಿತು.

"ಬೇಡ," ಎಂದ ಅವನು. "ಬೇಡ ಅಂತ ಹೇಳೋಕೆ ಬಂದಿದ್ದೆ."

ಹಳೆಯ ಚಿಟಪಟ ಆಗಿದ್ದರೆ ಅಲ್ಲೇ ಕತ್ತರಿ ಬಿಸಾಡಿ, ಅತ್ತು ಕರೆದು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾಲು ಆಗಲೇ ಅತ್ತ ತಿರುಗಿತ್ತು. ಆದರೆ ಕನ್ನಡಿಯಲ್ಲಿ ಅವನ ಕತ್ತಿನ ನರ ಇನ್ನೂ ಇಳಿದಿರಲಿಲ್ಲ. ಮಾತು ಮುಗಿದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಈಗ ಅದನ್ನು ಓದುವುದು ಅವಳಿಗೆ ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡೇ, ಅವನ ಭುಜ ಹಿಡಿದುಕೊಂಡು, ಕಾದಳು.

"ಮಾತು ಬಾರದವನ ಜೊತೆ ಒಬ್ಬ ಹೆಣ್ಣುಮಗಳು ಯಾಕೆ ಕಷ್ಟಪಡಬೇಕು, ಬೇಡ, ಅಂತ ಹೇಳಿ ಹೋಗೋಣ ಅಂದ್ಕೊಂಡೆ," ಎಂದ. ಮತ್ತೆ ಪದ ಸಿಕ್ಕಿಕೊಂಡಿತು, ಬಿಡಿಸಿಕೊಂಡ. "ನೀನು ಒಪ್ಪಿಗೆ ಅಂದೆ. ನನ್ನ ಮಾತು ಅಷ್ಟು ಚೆನ್ನಾಗೂ ಮುಗಿಯಬಹುದು ಅಂತ ನನಗೇ ಗೊತ್ತಿರಲಿಲ್ಲ ಕಣೇ."

ನರ ಇಳಿಯಿತು. ಅವಳು ಏನೋ ಹೇಳಬೇಕೆಂದು ಬಾಯಿ ತೆರೆದಳು. ಊಹೂಂ, ಒಂದು ಪದವೂ ಹೊರಡಲಿಲ್ಲ. ಅವನು ಟವೆಲ್ಲು ಸುತ್ತಿಕೊಂಡೇ ಸ್ಟೂಲಿನ ಮೇಲೆ ಅವಳ ಕಡೆಗೆ ತಿರುಗಿ ಕೂತು, ಅವಸರ ಮಾಡದೆ, ಕಾದ.