ಅವರೆ ಪುಟದ ಕೆಳಗಿನ ಸಹಿ

ವಾರಿಜಾ ಮೇಡಂ, ಆ ಸಹಿ ನನ್ನದೇ. ಪೇಟೆಂಟ್ ವಿಚಾರಣೆಯಲ್ಲಿ ಪ್ರಮಾಣ ಮಾಡಿ ನನ್ನದಲ್ಲ ಎಂದೆನಲ್ಲ — ಹಸಿ ಸುಳ್ಳು. ಬಾಯಿ ತಪ್ಪಿ ಬಂದದ್ದೂ ಅಲ್ಲ. ಜಾಲಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗಲೇ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಜಿಗಣಿಯ ಲ್ಯಾಬಿನಲ್ಲಿ ನಾನು ನಿಮ್ಮ ಸಹಾಯಕಿಯಾಗಿದ್ದೆ. ಕಾಯಿಕೊರಕ ಹುಳು ಮುಟ್ಟದ ಅವರೆ ಬೇಕೆಂದು ಗಿಡಕ್ಕೆ ಹೊರಗಿನ ಜೀನ್ ಸೇರಿಸಲು ನಾಲ್ಕು ವರ್ಷ ಹೆಣಗಿದೆವು. ಸೇರಿಸಿದ ಗಿಡಗಳೆಲ್ಲ ಸಾಯುತ್ತಿದ್ದವು. ಮೊಳಕೆಯನ್ನು ಮೊದಲು ಎರಡು ದಿನ ಕತ್ತಲಲ್ಲಿಡೋಣ ಎಂದು ಹೊಳೆದದ್ದು ನನಗೆ. ಇಟ್ಟವಳೂ ನಾನೇ. ಬದುಕಿದವು! ನೀವು ನನ್ನನ್ನು ತಬ್ಬಿಕೊಂಡಿರಿ. ಆಮೇಲೆ ಅದನ್ನೆಲ್ಲ ನಿಮ್ಮ ಕೈಬರಹದಲ್ಲಿ ಲ್ಯಾಬ್ ಪುಸ್ತಕಕ್ಕೆ ಬರೆದು ಪುಟದ ಕೆಳಗೆ ಬೆರಳಿಟ್ಟಿರಿ. "ಸಾಕ್ಷಿ ಅಂತ ಇದೆ ನೋಡು, ಇಲ್ಲೊಂದು ಸೈನ್ ಹಾಕ್ಬಿಡು ಜಯಾ."

ಹಾಕಿದೆ. ಸಾಕ್ಷಿ ಹಾಕಿದವರು ಪೇಟೆಂಟಿನಲ್ಲಿ ಸಂಶೋಧಕರಾಗುವಂತಿಲ್ಲ ಎಂಬುದು ಲ್ಯಾಬಿನ ನಿಯಮ — ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಪೇಟೆಂಟ್ ಅರ್ಜಿಯಲ್ಲಿ ನಿಮ್ಮ ಹೆಸರೊಂದೇ. ಕೇಳಿದರೆ, "ಸಾಕ್ಷಿ ಸೈನ್ ಮಾಡಿದ್ದೀಯಲ್ಲೇ, ನಿನ್ ಹೆಸರು ಹೆಂಗೆ ಸೇರ್ಸೋಕಾಗತ್ತೆ?" ಎಂದು ನಕ್ಕಿರಿ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕೆಲಸ ಬಿಟ್ಟೆ. ಕಾಯುತ್ತಾ ಕೂತೆ.

ಆಗ ಎದುರಾಳಿ ಬೀಜದ ಕಂಪನಿಯೊಂದು ಆ ವಿಧಾನ ತನ್ನಿಂದ ಕದ್ದದ್ದೆಂದು ತಕರಾರು ಹೂಡಿತು. ಅಲ್ಲವೆಂದು ತೋರಿಸಲು ನಿಮಗಿದ್ದದ್ದು ಆ ಒಂದು ಪುಟ, ತಾರೀಖಿನ ಪಕ್ಕದ ನನ್ನ ಸಹಿ. ನಿಮ್ಮ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಿ ಪುಟ ಎತ್ತಿ ಹಿಡಿದರು. ನಾನು ನಿಮ್ಮನ್ನೇ ನೋಡುತ್ತಾ ಹೇಳಿದೆ, "ಇದು ನನ್ ಸೈನ್ ಅಲ್ಲ ಸಾರ್."

ನಿಮ್ಮ ಮುಖ ಬಿಳಿಚಿತು. "ಜಯಾ, ಪೆನ್ ಕೊಟ್ಟೋಳು ನಾನೇ ಅಲ್ವೇನೇ?"

ಪೇಟೆಂಟ್ ಬಿದ್ದುಹೋಯಿತು. ಕಳ್ಳಸಹಿ ಹಾಕಿದವರೆಂಬ ಹೆಸರು ನಿಮಗೆ ಬಂತು, ಕೆಲಸವೂ ಹೋಯಿತು. ಆ ಸುದ್ದಿ ತಿಳಿದ ದಿನ ಹಿತಕಿದ ಅವರೆಬೇಳೆ ಸಾರು ಮಾಡಿ, ಎರಡು ಸಲ ಬಡಿಸಿಕೊಂಡು ಉಂಡೆ. ಅನುಭವಿಸಲಿ, ಚೆನ್ನಾಗಿ ಅನುಭವಿಸಲಿ ಎಂದುಕೊಂಡೆ.

ಈಗ ಆ ಕಂಪನಿ ನನ್ನ ಕತ್ತಲ ಮೊಳಕೆಯನ್ನು ತನ್ನದೆಂದು ಹೇಳಿಕೊಂಡು ಓಡಾಡುತ್ತಿದೆ. ಇಡೀ ಪುಸ್ತಕದಲ್ಲಿ ನಾನಿದ್ದದ್ದು ಆ ಸಹಿಯಲ್ಲಿ ಮಾತ್ರ — ಅದನ್ನೂ ನಾನೇ ಅಳಿಸಿಬಿಟ್ಟೆ. ಇದು ನಾನು ಮಾಡಿದ್ದು ಎಂದು ಅಂದು ಅಲ್ಲೇ ಕೂಗಬಹುದಿತ್ತು. ಕೂಗಲಿಲ್ಲ. ನನಗೆ ನ್ಯಾಯಕ್ಕಿಂತ ನಿಮ್ಮ ಬಿಳಿಚಿದ ಮುಖವೇ ಬೇಕಿತ್ತು...

ಸಿಟ್ಟು ಇನ್ನೂ ಆರಿಲ್ಲ ಮೇಡಂ. ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ. ನೀವು ಕದ್ದದ್ದು ನಿಜ, ಆದರೆ ನನ್ನಿಂದ. ಕಳ್ಳಸಹಿ ಮಾತ್ರ ನೀವು ಹಾಕಲಿಲ್ಲ. ಇದನ್ನೇ ವಿಚಾರಣಾಧಿಕಾರಿಗಳಿಗೂ ಬರೆದಿದ್ದೇನೆ. ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆಯೋ ಆಗಲಿ. ಎರಡು ಕಾಗದದ ಕೆಳಗೂ ಅದೇ ಸಹಿ ಹಾಕಿದ್ದೇನೆ. ಆ ಪುಟದ ಪಕ್ಕ ಇಟ್ಟು ನೋಡಿಕೊಳ್ಳಲಿ.